ಹಡಗಿನ ತಳದಿಂದ ಸ್ಕ್ಯಾನಿಂಗ್ ಕೋಣೆಗೆ

ಹೋದ ವರ್ಷ ಸೊಂಟದ ನೋವು ಕಾಲಿಗಿಳಿದು ಹೆಜ್ಜೆ ಎತ್ತಿಡುವುದೇ ಕಷ್ಟವಾದಾಗ, ಮೂಡಲಗಿಯ ಡಾಕ್ಟರು ಎಂಆರ್‌ಐ ಮಾಡಿಸಲು ಗೋಕಾಕಕ್ಕೆ ಕಳಿಸಿದರು. ಹೆಂಡತಿ ಜೊತೆಗಿದ್ದಳು. ಆ ಯಂತ್ರದ ಇಕ್ಕಟ್ಟಾದ ಬಾಯಿ ಕಂಡದ್ದೇ ನನ್ನ ಅಂಗೈಗಳು ಬೆವೆತವು. ತಲೆ ಒಳಗೆ ಸರಿಯುತ್ತಲೇ, "ತೆಗೀರಿ, ಹೊರಗ ತೆಗೀರಿ!" ಎಂದು ಚೀರಿಬಿಟ್ಟೆ.

ಯಂತ್ರ ನಡೆಸುವ ಹುಡುಗಿ ಗಾಬರಿಯಾಗಿ ಹೊರಗೆಳೆದಳು. "ಅಜ್ಜಾರ, ನೀವು ನೇವ್ಯಾಗ ಇದ್ದೋರಂತ. ಯುದ್ಧದಾಗ ಪದಕಾನೂ ಬಂದೈತಂತ. ಇಷ್ಟಕ್ಕ ಅಂಜಿದ್ರ ಹೆಂಗ್ರಿ?"

ಆ ಪದಕ ಎಲ್ಲಿಂದ ಬಂತೆಂದು ಅವಳಿಗೆ ಹೇಗೆ ಹೇಳಲಿ? ನಾನು ಹಡಗಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ವೈದ್ಯಕೀಯ ಸಹಾಯಕನಾಗಿದ್ದೆ. ಯುದ್ಧದಲ್ಲಿ ಹಡಗಿಗೆ ಪೆಟ್ಟು ಬಿದ್ದಾಗ, ಮೈ ಸುಟ್ಟ ಇಬ್ಬರು ನಾವಿಕರ ಜೊತೆ ತಳದ ಕೋಣೆಯಲ್ಲಿದ್ದೆ. ನೀರು ನುಗ್ಗಿತು. ಉಳಿದವರ ಜೀವಕ್ಕಾಗಿ ಮೇಲಿನ ಕಬ್ಬಿಣದ ಬಾಗಿಲು ಹಾಕಲೇಬೇಕಿತ್ತು. "ಹತ್ತಿ ಬಾ" ಎಂದು ಮೇಲಿದ್ದವರು ಕೂಗಿದರು. ಅವರಿಬ್ಬರನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಬಾಗಿಲು ಬಿತ್ತು, ದೀಪ ಆರಿತು. ಎದೆಮಟ್ಟದ ನೀರಿನಲ್ಲಿ ಇಬ್ಬರ ತಲೆ ಎತ್ತಿ ಹಿಡಿದು ನಿಂತೆ. ಪಂಪು ಹಚ್ಚಿ ನೀರು ತೆಗೆದು ಬಾಗಿಲು ತೆರೆಯುವಷ್ಟರಲ್ಲಿ ಒಬ್ಬನ ಉಸಿರು ನಿಂತಿತ್ತು. ಇನ್ನೊಬ್ಬ ಬದುಕಿದ. ಊರಿಗೆ ಬಂದಾಗ ಜನ ಶಾಲು ಹೊದಿಸಿದರು. ಅಂದಿನಿಂದ ನಾನು ಬಚ್ಚಲಮನೆಯ ಅಗಳಿ ಸಹ ಹಾಕಿಕೊಂಡವನಲ್ಲ. ಇದು ಗೊತ್ತಿರುವುದು ಹೆಂಡತಿಯೊಬ್ಬಳಿಗೇ.

ಅವಳು ಹುಡುಗಿಯನ್ನು ಕೇಳಿದಳು, "ನಾ ಒಳಗ ಇವ್ರ ಬಾಜೂಕ ನಿಂತ್ರ ನಡೀತೈತೇನವಾ?"

"ನಡೀತೈತ್ರಿ ಆಯಿ. ಆದ್ರ ಮೈಮ್ಯಾಲ ಬೆಳ್ಳಿ, ಬಂಗಾರ ಏನೂ ಇರಬಾರದು. ಕಾಲುಂಗುರ, ತಾಳಿ, ಎಲ್ಲಾ ತೆಗೀಬೇಕ್ರಿ."

ಹುಕ್ಕೇರಿಯಿಂದ ಸೊಸೆಯಾಗಿ ಬಂದಂದಿನಿಂದ ಆ ತಾಳಿ ಅವಳ ಕೊರಳು ಬಿಟ್ಟಿರಲಿಲ್ಲ. "ಬ್ಯಾಡ ಬಿಡು, ಮನಿಗೆ ಹೋಗೂಣು" ಎಂದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬಿಗಿದುಕೊಂಡಿದ್ದ ಕಾಲುಂಗುರಗಳನ್ನು ಸೋಪು ಹಚ್ಚಿ ತಿರುವಿ ತಿರುವಿ ತೆಗೆದಳು. ತಾಳಿ ಬಿಚ್ಚುವಾಗ ಮಾತ್ರ ಗೋಡೆಯ ಕಡೆಗೆ ತಿರುಗಿದಳು.

ಮತ್ತೆ ಒಳಗೆ ಹೋದೆ. ಕಬ್ಬಿಣ ಬಡಿದಂಥ ಸದ್ದು ಶುರುವಾಯಿತು. ಒದ್ದಾಡಬೇಕೆಂದರೆ ಕಾಲನ್ನು ಅವಳು ಗಟ್ಟಿಯಾಗಿ ಹಿಡಿದಿದ್ದಳು. ಬಡಿತ ನಿಂತಾಗಲೆಲ್ಲ ಅವಳ ದನಿ ಕೇಳುತ್ತಿತ್ತು: "ನಾ ಇಲ್ಲೇ ಅದೀನ್ರಿ. ಬಾಗಲಾ ತೆರದೇ ಐತ್ರಿ."

ಬಾಗಿಲು ಹಾಕಿದೆಯೆಂದು ನನಗೆ ಗೊತ್ತಿತ್ತು. ಆದರೂ ಆ ಮಾತನ್ನೇ ಹಿಡಿದುಕೊಂಡು ಅಲುಗಾಡದೆ ಮಲಗಿದೆ.

ಹೊರಬಂದಾಗ ಅಂಗಿ ಪೂರ್ತಿ ತೊಯ್ದಿತ್ತು. ಬೆನ್ನಿನ ನರ ಒತ್ತಿಕೊಂಡಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು ಡಾಕ್ಟರು. ಈಗ ಕೋಲು ಹಿಡಿದು ನಡೆಯುತ್ತೇನೆ. ಇನ್ನೊಮ್ಮೆ ಸ್ಕ್ಯಾನ್ ಆಗಬೇಕಂತೆ. ಮತ್ತೆ ತಾಳಿ ಬಿಚ್ಚಿಟ್ಟು ಜೊತೆಗೆ ನಿಲ್ಲಲು ಹೆಂಡತಿ ಒಪ್ಪಿಕೊಂಡಿದ್ದಾಳೆ. ನಾನು ಇನ್ನೂ ಹೂಂ ಅಂದಿಲ್ಲ.