ಬಾಜೂ ಗೋಕಾಕಕ್ಕೆ ಹೋದ ಕಾಕಾ

ಮೊನ್ನೆ ಸೊಸೆ ಉಂಡಿಗೆಂದು ತುಪ್ಪದಲ್ಲಿ ಅಂಟು ಹುರಿದಳು. ಅಂಟು ಅರಳಿದ ವಾಸನೆ ಪಡಸಾಲೆಗೆ ಬಂದದ್ದೇ ತಡ, ಕರದಂಟಿನ ಅಂಗಡಿಯ ಕಾಕಾ ನೆನಪಾದರು...

ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲೂಕಿನಲ್ಲಿ ನನ್ನಂಥ ಕಿಡಿಗೇಡಿ ಇನ್ನೊಬ್ಬನಿರಲಿಲ್ಲ. ಬಸ್ಸಿನ ಬೋರ್ಡು ಅದಲುಬದಲು ಮಾಡಿ, ಹುಕ್ಕೇರಿಗೆ ಹೊರಟ ಬೀಗರನ್ನೆಲ್ಲ ಮೂಡಲಗಿಗೆ ಮುಟ್ಟಿಸಿದವನು ನಾನು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಕಾ ಮಾತ್ರ ಬೆಲ್ಲದ ಪಾಕದಿಂದ ಕಣ್ಣೆತ್ತಲಿಲ್ಲ. ಅವರನ್ನು ಒಮ್ಮೆ ನಗಿಸಲೇಬೇಕೆಂದು ಎಷ್ಟೋ ವರ್ಷ ಆ ಅಂಗಡಿಯ ಕಟ್ಟೆ ಸವೆಸಿದೆ.

“ನಿನಗಿಂತ ಅಂವಾ ಚಲೋ ಮಾಡಿದ್ದ, ತಮ್ಮಾ,” ಎಂದರು ಕಾಕಾ ಒಂದು ದಿನ.

“ಯಾಂವ್ರಿ ಅಂವಾ?”

“ನೀನ. ಬಾಜೂ ಗೋಕಾಕದಾಂವ. ಈ ಊರಿನ ಮಗ್ಗಲಾಗ ಇನ್ನೊಂದು ಗೋಕಾಕ ಐತಿ.”

ಮರುದಿನ ಫಾಲ್ಸಿನ ತೂಗುಸೇತುವೆಗೆ ಕರೆದೊಯ್ದರು. ಎಡಗಿಸೆಯಿಂದ ಕರದಂಟು ತೆಗೆದು ಅರ್ಧ ಮುರಿದುಕೊಟ್ಟರು. “ಇದು ಅಲ್ಲೀದು. ಇದನ್ನ ಅಗಿಕೋತ ಸೇತುವೆ ದಾಟಿದ್ರ ಅಲ್ಲಿ ಮುಟ್ಟತೇವಿ. ತಿರುಗಿ ಬರಾಕ ನಮ್ಮ ಅಂಗಡೀದ ಬೇಕ, ಅದು ಬಲಗಿಸೆದಾಗ ಐತಿ.” ಅಲ್ಲಿಯ ಮೊದಲ ತುಂಡು ತಮಗೆ ಎಲ್ಲಿ ಸಿಕ್ಕಿತೆಂದು ಮಾತ್ರ ಹೇಳಲಿಲ್ಲ...

ದಾಟಿದರೆ ಆಚೆಗೂ ಗೋಕಾಕವೇ! ಅದೇ ಗುಡ್ಡ, ಅದೇ ಧೂಳು. ಆದರೆ ಬಸ್ಸುಗಳೆಲ್ಲ ಹಳದಿ, ನಮ್ಮ ಪೇಟೆಗೆ ಬಾರದ ಘಟಪ್ರಭಾದ ರೈಲು ಅಲ್ಲಿ ಪೇಟೆಯ ನಡುವೆಯೇ ಹಾಯುತ್ತಿತ್ತು. ಕರದಂಟಿನ ಅಂಗಡಿಯಲ್ಲಿ ಪಾಕ ತಿರುವುತ್ತ ಕುಳಿತಿದ್ದವನು ನಾನೇ. ಮೀಸೆ ನನ್ನದಕ್ಕಿಂತ ದಪ್ಪ.

“ಬೀಗರನ್ನಷ್ಟ ಕಳಿಸಿದೇನೋ? ನಾ ಡ್ರೈವರ್‌ಗೂ ಬಿಟ್ಟಿಲ್ಲ. ಹುಕ್ಕೇರಿ ಹುಕ್ಕೇರಿ ಅಂತ ಒದರಕೋತ ಮೂಡಲಗಿ ಮುಟ್ಟಿದಾ!” ಎಂದ ಆ ದಪ್ಪ ಮೀಸೆಯ ಭಾಡ್ಯಾ.

ಕಾಕಾ ನಕ್ಕರು. ಹೊಟ್ಟೆ ಹಿಡಿದು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನನಗೆ ಅಂಗಡಿಯ ಒಲೆ ಹೊಟ್ಟೆಯೊಳಗೇ ಹೊತ್ತಿದಂತಾಯಿತು. ಬರುವಾಗ ಅವನ ತಾಟಿನಿಂದ ಒಂದು ತುಂಡು ಎಗರಿಸಿ ತಂದೆ.

ಮುಂದಿನ ವಾರ ಕಾಕಾ, ಅಲ್ಲಿಂದ ತಂದಿದ್ದ ಇನ್ನೊಂದು ತುಂಡು ಎಡಗಿಸೆಗೆ ಹಾಕಿಕೊಂಡು, ಮತ್ತೆ ಅಲ್ಲಿಗೇ ಹೊರಟರು. ಜಳಕಕ್ಕೆ ಹೋದಾಗ ಅಂಗಿ ಗೂಟದ ಮೇಲಿತ್ತು. ಬಲಗಿಸೆಯ ನಮ್ಮೂರಿನ ತುಂಡು ತೆಗೆದು, ನಾನು ತಂದಿದ್ದ ಅಲ್ಲಿಯ ತುಂಡು ಇಟ್ಟೆ. ಒಂದು ತಾಸು ತಿರುಗಿ ಬರಲಾಗದೆ ಒದ್ದಾಡಲಿ, ಆಮೇಲೆ ನಾನೇ ಹೋಗಿ ಕರೆತಂದರಾಯಿತು ಎಂದುಕೊಂಡೆ. ಆಗಲಾದರೂ ನನ್ನ ಚಾಷ್ಟಿಗೆ ನಕ್ಕಾರು...

ತಾಸು ಕಳೆಯಿತು. ಹೊರಡಲು ಕಿಸೆಗೆ ಕೈ ಹಾಕಿದೆ. ಬರಿದು. ಅಲ್ಲಿಗೆ ಮುಟ್ಟಿಸುವ ತುಂಡು ನನ್ನ ಹತ್ತಿರ ಒಂದೇ ಇತ್ತು, ಅದನ್ನೇ ಕಾಕಾನ ಕಿಸೆಗೆ ಹಾಕಿದ್ದೆ. ಅಂಗಡಿಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿದೆ. ಇದ್ದದ್ದೆಲ್ಲ ಈ ಊರಿನದೇ.

ಅವರನ್ನು ಮರಳಿ ತರಬೇಕಿದ್ದ ತುಂಡು ಇನ್ನೂ ನನ್ನ ಅಡಿಕೆ ಡಬ್ಬಿಯಲ್ಲಿದೆ. ಮೊನ್ನೆ ಸೊಸೆ ನೋಡಿ, “ಮಾವಾರ, ಕಲ್ಲಾಗೇತ್ರಿ, ಒಗೀರಿ ಅದನ್ನ,” ಎಂದಳು. “ಇರ್ಲಿ ಬಿಡವಾ,” ಎಂದೆ.

ಕಿಸೆಯ ಅದಲುಬದಲು ಗೊತ್ತಾದಾಗ ಕಾಕಾ ಖಂಡಿತ ನಕ್ಕಿರಬೇಕು. ಅಂಥ ಚಾಷ್ಟಿ ಮೂರು ತಾಲೂಕಿನಲ್ಲಿ ಯಾರೂ ಮಾಡಿಲ್ಲ. ಆ ನಗು ಕೇಳಿದವನು ಮಾತ್ರ ಅವನು, ದಪ್ಪ ಮೀಸೆಯವನು...