ನಕ್ಷತ್ರದ ಮೇಲೆ ಬಾಜಿ ಕಟ್ಟಿದ ನೋಲ್ಫಾ

ಚಿಲಿ ದೇಶದ ತಾಲ್ತಾಲ್ ಬಂದರಿನ ಮೀನುಗಾರನ ಮಗಳು ನೋಲ್ಫಾ ಬರ್ರಾಸಾ ಅಟಕಾಮಾ ಮರುಭೂಮಿಯ ಗುಡ್ಡದ ಮೇಲೆ ದೂರದರ್ಶಕ ನಡೆಸುವವಳು. ನಾಲ್ಕು ದೂರದರ್ಶಕಗಳ ಬೆಳಕನ್ನು ಒಂದೇ ಕಡೆ ಬೆರೆಸಿ, ಎಳೆಯ ಬಿಸಿ ನಕ್ಷತ್ರಗಳ ಮಗ್ಗುಲಿಗೇ ಅಂಟಿಕೊಂಡಿರುವ ಜೊತೆಗಾರರನ್ನು ಪತ್ತೆ ಮಾಡುವುದು ಅವಳ ಕೆಲಸ. ಪರರ ಸಂಸಾರ ಹುಡುಕುವುದರಲ್ಲಿ ಎತ್ತಿದ ಕೈ. ತನ್ನ ವಿಷಯ ಬಂದರೆ ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ದೂರದರ್ಶಕದ ಕನ್ನಡಿ ತೊಳೆಯುವ ಎಲಿಸೆಯೊ ಎಷ್ಟೋ ಸಲ ಮದುವೆಯ ಮಾತೆತ್ತಿದ್ದ. ಪ್ರತಿ ಸಲವೂ ಅವಳು ಕೆಮ್ಮಿ, ಗಾಳಿ ಜೋರಾಗಿದೆ ಎಂದೇನೋ ಹೇಳಿ ಜಾರಿಕೊಂಡಿದ್ದಳು. ಅಂದು ಅವನು ಊಟದ ಮೇಜಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟ.

"ಇವತ್ತು ಸಂಜೆ ನೋಡೋ ನಕ್ಷತ್ರಕ್ಕೆ ಜೊತೆ ಇದ್ರೆ ನಿನ್ನ ಮದ್ವೆ ಆಗ್ತೀನಿ" ಎಂದಳು ನೋಲ್ಫಾ. "ಒಂಟಿಯಾಗಿದ್ರೆ ಇನ್ಮೇಲೆ ಈ ಮಾತು ಎತ್ತಬಾರ್ದು."

ಎಲಿಸೆಯೊನ ಮುಖ ಸಪ್ಪಗಾಯಿತು. ಪಾಪ, ಅವನು ಕನ್ನಡಿಯ ಧೂಳು ಬಲ್ಲವನು, ಅಷ್ಟೇ. ಅಂಥ ಎಳೆಯ ನಕ್ಷತ್ರಗಳಲ್ಲಿ ಒಂಟಿಯಾಗಿರುವುದು ತೀರಾ ಅಪರೂಪವೆಂದು ನೋಲ್ಫಾಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಹೂಂ ಅನ್ನಲಾರದ ಹುಡುಗಿ ಆ ಕೆಲಸವನ್ನು ಆಕಾಶಕ್ಕೆ ವಹಿಸಿದ್ದಳು.

ಸೂರ್ಯ ಮುಳುಗಿದ ಕೂಡಲೇ ಕೆಲಸ ಶುರು. ಮೊದಲು ಒರೆಗಲ್ಲಿನ ನಕ್ಷತ್ರ: ಒಂಟಿಯೆಂದು ಎಲ್ಲರೂ ಒಪ್ಪಿದ್ದು, ಯಂತ್ರ ತಾನೇ ಸೇರಿಸುವ ಸುಳ್ಳನ್ನು ಅದರಿಂದ ಅಳೆದು ಕಳೆಯಬೇಕು. ಆಮೇಲೆ ಎಳೆಯ ನಕ್ಷತ್ರ. ಒಂಟಿಯಾದರೆ ಪರದೆಯ ಗೆರೆ ನೆಟ್ಟಗೆ, ಜೊತೆಯಿದ್ದರೆ ಡೊಂಕು. ಗೆರೆ ಡೊಂಕಾಗಿತ್ತು.

ನಿಯಂತ್ರಣ ಕೋಣೆಯೇ ಕುಣಿಯಿತು. ಎಲಿಸೆಯೊನನ್ನು ಎಳೆದು ತಂದರು. ಕರವಸ್ತ್ರ ಬೀಸಿ ಕುಣಿಯುವ ಕ್ವೆಕಾ ನೃತ್ಯಕ್ಕೆ ಕರವಸ್ತ್ರವೇ ಇರಲಿಲ್ಲ. ಎಂಪನಾಡಾ ತಿಂದು ಕೈಯೊರೆಸಿದ ಕಾಗದವನ್ನೇ ಬೀಸಿದರು. ನೋಲ್ಫಾಳ ಕಾಲು ನೆಲದ ಮೇಲಿರಲಿಲ್ಲ. ಆ ಸಂತೋಷದಲ್ಲೂ ಎರಡೆರಡು ಸಲ ಅಳೆಯುವ ಹಾಳು ಅಭ್ಯಾಸ ಬಿಡಬೇಕಲ್ಲ. ಕುಣಿಯುತ್ತಲೇ ಹೋಗಿ ಇನ್ನೊಂದು ಒರೆಗಲ್ಲಿನ ನಕ್ಷತ್ರ ಹಿಡಿದು ಮತ್ತೆ ಅಳೆದಳು.

ಗೆರೆ ನೆಟ್ಟಗಾಯಿತು. ಗುಟ್ಟಾಗಿ ಸಂಸಾರ ಹೂಡಿದ್ದುದು ಮೊದಲಿನ ಒರೆಗಲ್ಲು; ಅದರ ಡೊಂಕೇ ಎಳೆಯ ನಕ್ಷತ್ರದ ಗೆರೆಗೆ ಅಂಟಿತ್ತು. ಎಳೆಯ ನಕ್ಷತ್ರ ಅಪ್ಪಟ ಒಂಟಿ.

ಪಕ್ಕದಲ್ಲಿದ್ದ ಖಗೋಳಜ್ಞೆ ಹಿಮೆನಾ ಅವಳ ತೋಳು ಹಿಂಡಿದಳು. "ಸುಮ್ನಿರೇ ಮಾರಾಯ್ತಿ. ಮದ್ವೆ ಮುಗೀಲಿ, ಆಮೇಲೆ ಹೇಳಿದ್ರಾಯ್ತು."

ನೋಲ್ಫಾಳಿಗೆ ಅಳು ಬಂತು. ಆದರೂ ಹೇಳಿದಳು. ಕುಣಿತ ನಿಂತಿತು. ಎಲಿಸೆಯೊ ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ಮಡಚಿದ.

"ಮಾತು ಅಂದ್ರೆ ಮಾತೇ. ಇನ್ನು ಕೇಳಲ್ಲ ಬಿಡು" ಎಂದು ಬಾಗಿಲತ್ತ ನಡೆದ.

"ನಿಂತ್ಕೊಳೋ. ಅದಕ್ಕೆ ಜೊತೆ ಇದ್ದೇ ಇರತ್ತೆ ಅಂತ ಗೊತ್ತಿದ್ದೇ ಬಾಜಿ ಕಟ್ಟಿದ್ದೆ. ಮೋಸ ಮಾಡಿದ್ದು ನಾನು."

"ಮೋಸ ಯಾಕೆ?"

"ನಿನ್ನ ಮದ್ವೆ ಆಗ್ಬೇಕಿತ್ತಲ್ಲ, ಅದಕ್ಕೆ."

ಎಲಿಸೆಯೊ ಬಾಗಿಲ ಹಿಡಿ ಹಿಡಿದು ನಿಂತೇ ಇದ್ದ. "ಸರಿಯಾಗಿ ಕೇಳಿಸ್ಲಿಲ್ಲ" ಎಂದ ಕಳ್ಳ. ನೋಲ್ಫಾ ಇನ್ನೊಮ್ಮೆ ಹೇಳಿದಳು, ಈ ಸಲ ಎಲ್ಲರಿಗೂ ಕೇಳುವಂತೆ.