ಒಂಬತ್ತನೇ ಅಂಕಣದ ಕೂಗು

ಟ್ರೂಡಿ ಹಾಸ್ಕಿನ್ಸ್ ಮಿಸ್ ಲೊವೆಟ್ಟಾಳನ್ನು ಮೊದಲು ಸರಿಯಾಗಿ ಕಂಡದ್ದು ಸೆಪ್ಟೆಂಬರಿನ ಒಂದು ಶನಿವಾರ, ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ. ಜಾರ್ಜಿಯಾದ ಕಡಲೆಕಾಯಿ ಹೊಲಗಳ ನಡುವಿನ ಆ ಸಣ್ಣ ಕಾಲೇಜಿಗೆ ಸೇರಿ ಅವಳಿಗೆ ಮೂರು ವಾರವಾಗಿತ್ತು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಮೈದಾನದಲ್ಲಿ, ಪ್ರೇಕ್ಷಕರ ಮೆಟ್ಟಿಲುಗಳ ಒಂಬತ್ತನೇ ಅಂಕಣದಲ್ಲಿ, ಕಬ್ಬಿಣದ ಕಂಬಿಯ ಪಕ್ಕ ಜಾಗ ಖಾಲಿ ಕಂಡು ಹೋಗಿ ಕೂತಳು. ಹಿಂದಿನಿಂದ ಬೇಯಿಸಿದ ಕಡಲೆಕಾಯಿಯ ಪೊಟ್ಟಣವೊಂದು ಅವಳ ತೊಡೆಗೆ ಬಂದು ಬಿತ್ತು. ಬಿಸಿ ಉಪ್ಪುನೀರು ಲಂಗಕ್ಕೆ ಇಳಿಯಿತು.

"ಹಿಡ್ಕೋ ಕೂಸೇ. ಇದು ಕೂತ್ಕೊಳ್ಳೋ ಜಾಗ ಅಲ್ಲ, ನಿಂತ್ಕೊಳ್ಳೋ ಜಾಗ."

ದಪ್ಪ ಮೈಯ, ನರೆತ ಜಡೆಯ ಹೆಂಗಸು. ಹಳದಿ ಅಂಗಿ, ತೋಳಿನ ತುಂಬ ಎಣ್ಣೆ ಸಿಡಿದ ಕಲೆಗಳು. ಕಾಲೇಜಿನ ಊಟದ ಮನೆಯಲ್ಲಿ ತನಗೆ ಬೆಳಗ್ಗೆ ಜೋಳದ ಗಂಜಿ ಬಡಿಸುವವಳೇ ಈಕೆ ಎಂದು ಟ್ರೂಡಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಆಕೆ ಕಂಬಿ ಹಿಡಿದು ಮುಂದೆ ಬಾಗಿ, ಎದೆಯ ಆಳದಿಂದ ಕೂಗಿದಳು: "ಭಾರ ಎಳೆಯೋರ್ಯಾರು?"

"ನಾವು!" ಎಂದಿತು ಮೈದಾನ.

"ಎಲ್ಲೀತನ್ಕ?"

"ಗೆರೆ ತನ್ಕ!"

ತಂಡದ ಹೆಸರೇ ಹೇಸರಗತ್ತೆಗಳು. ಮೂವತ್ತೊಂದು ವರ್ಷದಿಂದ ಆ ಕೂಗು ಎಬ್ಬಿಸುತ್ತಿದ್ದವಳು ಲೊವೆಟ್ಟಾ ಪ್ರೂಯಿಟ್. ಅದಕ್ಕೆ ಅವಳನ್ನು ಯಾರೂ ನೇಮಿಸಿರಲಿಲ್ಲ.

ಅವತ್ತೇ ಟ್ರೂಡಿ ಎಡವಟ್ಟು ಮಾಡಿದಳು. ಅವಳು ಆಟವನ್ನು ಅಪ್ಪನ ರೇಡಿಯೋದಲ್ಲಿ ಕೇಳಿ ಬೆಳೆದವಳು. ರೇಡಿಯೋದಲ್ಲಿ ಮೌನ ಕೇಳಿಸುವುದಿಲ್ಲ. ತಮ್ಮ ಹುಡುಗರ ಕೈಗೆ ಚೆಂಡು ಬಂದು, ಕೊನೆಯ ಗೆರೆ ನಾಲ್ಕೇ ಹೆಜ್ಜೆ ದೂರವಿದ್ದಾಗ ಇಡೀ ಮೈದಾನ ಗಪ್‌ಚಿಪ್ಪಾಯಿತು. ಜನ ಧೈರ್ಯಗೆಟ್ಟರು ಎಂದುಕೊಂಡ ಟ್ರೂಡಿ ಎದ್ದು ನಿಂತು, "ಭಾರ ಎಳೆಯೋರ್ಯಾರು?" ಎಂದು ಕಿರುಚಿದಳು. ಅಭ್ಯಾಸಬಲದಿಂದ ನೂರಾರು ಬಾಯಿ "ನಾವು!" ಎಂದವು. ನಾಯಕ ತನ್ನವರಿಗೆ ಕೂಗಿದ ಸಂಕೇತ ಆ ಗದ್ದಲದಲ್ಲಿ ಮುಳುಗಿತು. ಒಬ್ಬ ಹುಡುಗ ಹೊತ್ತಿಗೆ ಮುಂಚೆ ನುಗ್ಗಿದ. ದಂಡವಾಗಿ ತಂಡ ಐದು ಗಜ ಹಿಂದೆ ಸರಿಯಿತು.

"ಏನಮ್ಮ, ಆ ಕಡೆಯೋರು ಎಷ್ಟು ಕೊಟ್ರು ನಿನಗೆ?" ಎಂದ ಹಿಂದೆ ಕೂತಿದ್ದ ಕ್ಷೌರಿಕ ಡೂಯೆಲ್.

"ಕೂಗು ನಂದು, ಡೂಯೆಲ್. ಬೈಯೋದಿದ್ರೆ ನನಗೆ ಬೈಯಿ. ಇಲ್ಲಾಂದ್ರೆ ಕಡಲೆಕಾಯಿ ತಿಂದು ಸುಮ್ನಿರು," ಎಂದಳು ಲೊವೆಟ್ಟಾ. ಆಮೇಲೆ ಟ್ರೂಡಿಯ ಕಿವಿಯಲ್ಲಿ, "ಅವರ ಕೈಲಿ ಚೆಂಡಿದ್ದಾಗ ನಮಗೆ ಬಾಯಿರಬೇಕು. ನಮ್ಮೋರ ಕೈಲಿದ್ದಾಗ ಕಿವಿ. ಅಷ್ಟೇ ಕಣೇ ವಿದ್ಯೆ."

ಅಲ್ಲಿಂದ ಮೂರು ವರ್ಷ ಟ್ರೂಡಿ ಆಕೆಯ ಪಕ್ಕವೇ ನಿಂತಳು. ಹದಿನೆಂಟಕ್ಕೆ ಪಾತ್ರೆ ತೊಳೆಯಲು ಬಂದ ಲೊವೆಟ್ಟಾ ಆ ಕಾಲೇಜಿನ ಒಂದು ತರಗತಿಯೊಳಗೂ ಕೂತವಳಲ್ಲ. "ಒಳಗಡೆ ನನ್ನ ಹೆಸರು ಯಾರಿಗೂ ಗೊತ್ತಿಲ್ಲ," ಎಂದಿದ್ದಳು ಒಮ್ಮೆ, ಆಲೂಗಡ್ಡೆ ಸುಲಿಯುತ್ತ. "ಶನಿವಾರ ಮಾತ್ರ ನಾನು ಕರೆದ್ರೆ ನಾಲ್ಕು ಸಾವಿರ ಜನ ಓಗೊಡ್ತಾರೆ."

ಮೂರನೇ ವರ್ಷ ಆಕೆಯ ಗಂಟಲಲ್ಲಿ ಗಂಟಾಯಿತು. ಗಂಟು ತೆಗೆದ ವೈದ್ಯರು ಇನ್ನು ಮೇಲೆ ಕೂಗಕೂಡದು ಎಂದರು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಆ ವರ್ಷದ ಕೊನೆಯ ಪಂದ್ಯಕ್ಕೆ ಎಂದಿನಂತೆ ಕಂಬಿಗೆ ಬಂದಳು. ಎದುರಾಳಿಗಳು ಚೆಂಡು ಹಿಡಿದು ಗೆರೆಯ ಹತ್ತಿರ ಬಂದಾಗ ಜನ ಒಂಬತ್ತನೇ ಅಂಕಣದತ್ತ ನೋಡಿದರು. ಲೊವೆಟ್ಟಾ ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು.

ಟ್ರೂಡಿಗೆ ಕೂಗು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆಯ ಕಣ್ಣೆದುರೇ ಆಕೆಯ ಮಾತನ್ನು ಕಸಿದುಕೊಳ್ಳುವುದು ಹೇಗೆ? ಹಲ್ಲು ಕಚ್ಚಿ ನಿಂತಳು.

ಲೊವೆಟ್ಟಾಳ ಕಣ್ಣು ತುಂಬಿತ್ತು. ಕಂಬಿ ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು ಟ್ರೂಡಿಯ ಪಕ್ಕೆಗೆ ತಿವಿದಳು. "ನಿನ್ನ ಬಾಯಿಗೂ ಬೀಗ ಬಿತ್ತೇನೇ?" ಎಂದ ಪಿಸುಮಾತು ಟ್ರೂಡಿಗೊಬ್ಬಳಿಗೇ ಕೇಳಿತು.

ಟ್ರೂಡಿ ಕೂಗಿದಳು. ಲೊವೆಟ್ಟಾಳ ದನಿಗೇ ಕಾದಿದ್ದ ಜನ ಓಗೊಡಲಿಲ್ಲ; ಅಲ್ಲೊಂದು ಇಲ್ಲೊಂದು ಗೊಣಗು, ಅಷ್ಟೇ. ಆಗ ಲೊವೆಟ್ಟಾ ಆಟಕ್ಕೆ ಬೆನ್ನು ಹಾಕಿ ಜನರತ್ತ ತಿರುಗಿದಳು. ಎರಡೂ ಕೈ ಎತ್ತಿ, ಮತ್ತೆ ಕೂಗು ಎಂದು ಟ್ರೂಡಿಗೆ ತಲೆಯಾಡಿಸಿದಳು.

"ನಾವು!" ಎಂದಿತು ಮೈದಾನ.

ಆ ಪಂದ್ಯ ಸೋತರು. ಮೆಟ್ಟಿಲು ಇಳಿಯುವಾಗ ಡೂಯೆಲ್ ತನ್ನ ಟೋಪಿ ತೆಗೆದು ಲೊವೆಟ್ಟಾಳಿಗೆ ದಾರಿ ಬಿಟ್ಟ.

ಟ್ರೂಡಿ ಈಗ ಅದೇ ಊರಿನ ಶಾಲೆಯಲ್ಲಿ ಟೀಚರ್. ಶನಿವಾರ ಕೂಗುವವಳು ಅವಳೇ. ಲೊವೆಟ್ಟಾ ವಾರದಲ್ಲಿ ಐದು ದಿನ ಊಟದ ಮನೆಯಲ್ಲಿ ಅಡುಗೆ ಮಾಡುತ್ತಾಳೆ. ಶನಿವಾರ ಒಂಬತ್ತನೇ ಅಂಕಣದಲ್ಲಿ ಆಟಕ್ಕೆ ಬೆನ್ನು ಮಾಡಿ ನಿಂತು ಕೈ ಎತ್ತುತ್ತಾಳೆ.